ಹುಣಸೆ ಬುಡದ ಮಡಿ ಮಣ್ಣು

ಸವದತ್ತಿಯ ಯಮುನಾಬಾಯಿಗೆ ಕೈಗುಣವಿಲ್ಲವೆಂದು ಓಣಿಗೆಲ್ಲ ಗೊತ್ತಿತ್ತು. ಹೇಳಿದ್ದು ಅತ್ತೆ ಸುಂದರಾಬಾಯಿ. ಅವರು ಹೇಳಿದರೆ ಮುಗಿಯಿತು. ಮದುವೆಯಾಗಿ ಬಂದ ವರ್ಷ ನವರಾತ್ರಿಯ ಘಟಕ್ಕೆ ಕಾಳು ಬಿತ್ತಿದ್ದು ಯಮುನಾಬಾಯಿ. ದೇವರ ಮುಂದೆ ಮಣ್ಣು ಹರವಿ, ಗೋದಿ ಜೋಳ ಹಾಕಿ ದಿನಾ ನೀರು ಚಿಮುಕಿಸಿದರೆ ದಸರೆಗೆ ಸಸಿ ಗೇಣುದ್ದ ನಿಲ್ಲಬೇಕು. ಆ ಸಲ ಒಂದೂ ಏಳಲಿಲ್ಲ. ಮರುವರ್ಷ ಚೊಚ್ಚಲ ಹೆಣ್ಣುಕೂಸು ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡಿತು. ಅತ್ತೆ ಎರಡನ್ನೂ ಸೊಸೆಯ ಕೈಗೇ ಗಂಟು ಹಾಕಿದರು.

ಆಮೇಲೆ ಯಮುನಾಬಾಯಿ ತುಳಸಿಯನ್ನೂ ನೆಡಲಿಲ್ಲ. ಮಗ ರಘೋತ್ತಮ ಹುಟ್ಟಿದಾಗ ಮೊದಲ ತುತ್ತು ಉಣಿಸಿದ್ದು ಅತ್ತೆ. ಯಾರೂ ತಡೆದಿರಲಿಲ್ಲ, ಯಮುನಾಬಾಯಿ ತಾವೇ ಹೆದರಿ ಬಾಗಿಲಲ್ಲಿ ನಿಂತಿದ್ದರು.

೧೯೭೫ರ ನವರಾತ್ರಿಗೆ ರಘೋತ್ತಮನ ಹೆಂಡತಿ, ಬಸುರಿ ತಾರಾಬಾಯಿ, ಕಾಳು ಬಿತ್ತಿದಳು. ಐದನೆಯ ದಿನಕ್ಕೂ ಮಣ್ಣು ಬೋಳು. ಕೆದಕಿದರೆ ಕಾಳು ಬಿರಿದಿತ್ತು, ಬೇರಿನ ತುದಿ ಕಪ್ಪಾಗಿ ಅಲ್ಲಿಗೇ ನಿಂತಿತ್ತು.

"ಅತ್ತಿಗೆ ತಕ್ಕ ಸೊಸಿ. ಹೊಟ್ಟ್ಯಾಗಿಂದು ಇನ್ನ ದೇವರಿಗೇ ಬಿಟ್ಟದ್ದು," ಎಂದರು ಸುಂದರಾಬಾಯಿ.

ಮನೋಳಿಯಲ್ಲಿ ಹೊಲದ ಬದುವಿನ ಮೇಲೆ ಬೆಳೆದ ಹುಡುಗಿ ತಾರಾ. ಅಳಲಿಲ್ಲ. "ಅಜ್ಜಿ, ಮಣ್ಣ ಎಲ್ಲಿಂದ ತಂದೀರಿ?"

"ಹಿತ್ತಲ ಹುಣಸಿ ಬುಡದ್ದು. ಸೋಮಪ್ಪ ನಮ್ಮ ಹೊಲಾನ ನುಂಗ್ಯಾನ, ಅವನ ಮಣ್ಣ ಯಾಕ? ಹುಣಸಿ ಬುಡಕ ಒಂದ ಹುಲ್ಲಕಡ್ಡಿ ಇಲ್ಲ ನೋಡು. ಮಡೀ ಮಣ್ಣು."

ಪ್ರತಿ ವರ್ಷ ಘಟಕ್ಕೆ ಮಣ್ಣು ಬರುತ್ತಿದ್ದ ಹೊಲ, ಹೊಸ ಭೂಸುಧಾರಣಾ ಕಾಯ್ದೆಯಲ್ಲಿ ಅದನ್ನು ಉಳುತ್ತಿದ್ದ ಒಕ್ಕಲು ಸೋಮಪ್ಪನದಾಗಿತ್ತು. ಆ ಸಿಟ್ಟು ಇಲ್ಲಿ ಬಂದು ಕೂತಿತ್ತು.

"ಹುಲ್ಲ ಹುಟ್ಟದಲ್ಲೆ ಗೋದಿ ಹೆಂಗ ಹುಟ್ಟತದರಿ? ಹುಣಸಿ ಎಲಿ, ಬೇರಿನ ರಸ ಮಣ್ಣಾಗ ಇಳದಿರತದ. ಮೊಳಕಿ ಬೇರ ಬಿಡಂಗಿಲ್ಲ. ಮನೋಳ್ಯಾಗ ಸಣ್ಣ ಹುಡುಗರಿಗೂ ಗೊತ್ತದ."

ಅಡಿಗೆಮನೆಯಿಂದ ಯಮುನಾಬಾಯಿ ಹೊರಗೆ ಬಂದರು. "ನನ್ನ ಮದುವಿ ವರ್ಷ ಎಲ್ಲಿಂದ ತಂದಿದ್ರಿ?"

"ಆವಾಗ ಒಕ್ಕಲದವರ ಮನ್ಯಾಗ ಸೂತಕ ಇತ್ತು. ಅದೂ ಹುಣಸಿ ಬುಡದ್ದ," ಎಂದರು ಮುದುಕಿ, ಏನೂ ಆಗಿಲ್ಲವೆಂಬಂತೆ.

ತಾರಾ ಸೋಮಪ್ಪನ ಹೊಲದ ಮಣ್ಣು ತರಿಸಿ ಬುಟ್ಟಿಗೆ ಹಾಕಿದಳು. ಕಾಳನ್ನು ಯಮುನಾಬಾಯಿಯ ಅಂಗೈಗೆ ಸುರಿದಳು. "ನೀವ ಬಿತ್ರಿ."

"ನಾ ಒಲ್ಲೆ."

"ಬಿತ್ರಿ, ಅತ್ಯಾ."

ಯಮುನಾಬಾಯಿ ಒಂದೊಂದೇ ಕಾಳು ಬಿತ್ತಿದರು. ದಸರೆಯ ಬೆಳಿಗ್ಗೆ ಗೋದಿ ಬೆರಳುದ್ದ ಎದ್ದಿತ್ತು. ಯಮುನಾಬಾಯಿಗೆ ಅದನ್ನು ನೋಡಿ ಖುಷಿಯಾಗಲಿಲ್ಲ. ಬುಟ್ಟಿಯ ಮುಂದೆ ಕೂತರು.

"ಹಂಗಾದ್ರ ತಾರಾ, ನನ್ನ ಕೂಸು ನನ್ನ ಕೈಯಿಂದ ಹೋಗಲಿಲ್ಲಲ್ಲ?"

"ಇಲ್ಲರಿ, ಅತ್ಯಾ."

ಎಂದೋ ಹೋದ ಆ ಕೂಸಿಗಾಗಿ ಯಮುನಾಬಾಯಿ ಅಂದು ಮೊದಲ ಸಲ ಬಾಯಿಬಿಟ್ಟು ಅತ್ತರು.