ಜಗತ್ತು ಗೆದ್ದ ಅಕ್ಕೋರು

ನಮ್ಮ ಭೂಗೋಳದ ಅಕ್ಕೋರು ಹಲಗೆಯ ಕಡೆ ತಿರುಗದೆಯೇ ಆಫ್ರಿಕಾ ಬರೆಯುತ್ತಿದ್ದರು. ಮುಖ ನಮ್ಮ ಕಡೆ, ಬಲಗೈ ಬೆನ್ನ ಹಿಂದೆ. ಸೀಮೆಸುಣ್ಣದ ಪುಡಿ ಉದುರಿ ಉದುರಿ ಸಂಜೆಯ ಹೊತ್ತಿಗೆ ಸೆರಗಿನ ಕೆಂಪು ಬಣ್ಣ ಗುಲಾಬಿಯಾಗಿರುತ್ತಿತ್ತು. ಇಳಕಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಜಗತ್ತನ್ನೆಲ್ಲ ಕಲಿಸಿದ ಈ ಶಿಕ್ಷಕಿ ಸ್ವತಃ ನೋಡಿದ್ದು ಬಾದಾಮಿ, ಮಹಾಕೂಟ, ಒಮ್ಮೆ ಸೊಲ್ಲಾಪುರ. ಕ್ಲಾಸಿನಲ್ಲಿ ಕದ್ದು ತಿನ್ನುವವಳು ಸಿಕ್ಕರೆ ಬೈಯುತ್ತಿರಲಿಲ್ಲ. "ಶೇಂಗಾ ಮೊದಲ ಯಾವ ಖಂಡದಾಗ ಬೆಳೀತಿತ್ತು ಹೇಳು, ಆಮ್ಯಾಲೆ ಅಗಿ" ಎನ್ನುತ್ತಿದ್ದರು.

ಎಂಬತ್ತರ ದಶಕದಲ್ಲಿ ನಾನು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ, ಇಡೀ ಜಗತ್ತನ್ನು ಗೆಲ್ಲುವ ಆಟವೊಂದನ್ನು ಕಂಪ್ಯೂಟರಿಗೆ ಇಳಿಸಿದೆ. ಮೂಲದಲ್ಲಿ ಅದು ಭೂಪಟ, ದಾಳ, ಬಣ್ಣದ ಕಾಯಿಗಳ ಆಟ. ಗೆಳತಿಯೊಬ್ಬಳು ಮುಂಬಯಿಯಿಂದ ತಂದಿದ್ದಳು. ನನ್ನದರಲ್ಲಿ ದಾಳ ಉರುಳಿಸುವುದು ಕಂಪ್ಯೂಟರು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ದೇಶಗಳು, ಪಕ್ಕದಲ್ಲಿ ಸೈನ್ಯದ ಸಂಖ್ಯೆ. ನಕಾಶೆ ಸರಿಯಿದೆಯೇ ಎಂದು ನೋಡಲು, ಆಗಷ್ಟೇ ನಿವೃತ್ತರಾಗಿದ್ದ ಅಕ್ಕೋರನ್ನು ಕರೆದೆ. ಬಸ್ ಹತ್ತಿ ಬಂದರು. ಕುಳಿತ ಕೂಡಲೇ ಕೇಳಿದರು:

"ಲಂಕಾ ಎಲ್ಲೈತೆವ್ವಾ?"

"ಮೂಲ ಆಟದಾಗ ಇಲ್ರಿ ಅಕ್ಕೋರ."

"ಆಟದಾಗ ಇಲ್ಲಂದ್ರ ಸಮುದ್ರದಾಗ ಮುಳುಗೇತೇನು? ಹಾಕು."

ಹಾಕಿದೆ. ಅದಕ್ಕಾಗಿ ಒಂದು ವಾರ ಪ್ರೋಗ್ರಾಮ್ ತಿದ್ದಬೇಕಾಯಿತು.

ಆಮೇಲೆ ಭಾನುವಾರಕ್ಕೊಮ್ಮೆ ಬಂದು ಆಡತೊಡಗಿದರು. ಸೋಲುವುದು ಯಾವಾಗಲೂ ನಾನೇ. ಅವರು ಮೊದಲು ಆಸ್ಟ್ರೇಲಿಯಾ ಹಿಡಿಯುವರು. "ಒಂದ ಬಾಗಲಾ ಇರೋ ಮನಿ ಇದು. ಒಬ್ಬಾಕಿ ಕಾಯ್ಕೊಂಡು ಕುಂತರ ಸಾಕು." ಯಾವ ದೇಶದ ಮೇಲೆ ಏರಿಹೋಗುವ ಮುನ್ನವೂ ಅಲ್ಲಿನ ಒಂದು ನದಿಯ ಹೆಸರು ಹೇಳಬೇಕು ಎಂಬುದು ಅವರದೇ ನಿಯಮ. ಹೇಳದಿದ್ದರೆ ನನ್ನ ಸರದಿ ಹೋಯಿತು.

ಪ್ರಾಜೆಕ್ಟ್ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಪರದೆ ನೋಡಿ ಮುಖ ಸಿಂಡರಿಸಿದರು.

"ಇದು ಹುಡುಗರ ಆಟ. ಇದಕ್ಕ ಹೆಂಗ ಪಾಸ್ ಮಾಡ್ಲಿ?"

ಒಂದು ವರ್ಷ ಹೋಯಿತು ಅಂದುಕೊಂಡೆ. ನನಗೆ ಧೈರ್ಯ ಕೊಡಲೆಂದು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಅಕ್ಕೋರು ಎದ್ದರು.

"ಹುಡುಗರ ಆಟ ಅಂದ್ರ ನಿಮಗ ಭಾಳ ಸಲೀಸ ಆತಲ್ರಿ ಸಾಹೇಬ್ರ. ನನ್ನ ಕೂಡ ಒಂದ ಆಟ ಆಡ್ರಿ."

ಪರೀಕ್ಷಕರು ನಗುತ್ತ ಕುಳಿತರು. ಅರ್ಧ ಗಂಟೆಯಲ್ಲಿ ಏಷ್ಯಾದ ತುಂಬ ಪರೀಕ್ಷಕರದೇ ಸೈನ್ಯ, ಆದರೆ ದೇಶಕ್ಕೆ ಒಂದೊಂದೇ ತುಕಡಿ. ಆಸ್ಟ್ರೇಲಿಯಾದಲ್ಲಿ ಬಲ ಕೂಡಿಸುತ್ತ ಸುಮ್ಮನಿದ್ದ ಅಕ್ಕೋರು ಆಗ ಹೊರಟರು. ಸಯಾಮ್ ಅಂದರೆ ಈಗಿನ ಥಾಯ್ಲೆಂಡ್, ಆಮೇಲೆ ಭಾರತ, ಚೀನಾ. ಒಂದೊಂದಕ್ಕೂ, "ಇಲ್ಲಿ ನದಿ ಯಾವುದ್ರಿ ಸಾಹೇಬ್ರ?" ಪರೀಕ್ಷಕರು ಮೊದಮೊದಲು ಸಿಡುಕಿದರು. ಮಂಗೋಲಿಯಾ ಕೈಬಿಟ್ಟು ಹೋಗುವ ಹೊತ್ತಿಗೆ ಕೋಟು ಬಿಚ್ಚಿಟ್ಟು ತಾವೇ ನಗತೊಡಗಿದ್ದರು. ಕೊನೆಗೆ ಅವರ ಕೈಯಲ್ಲಿ ಐಸ್‌ಲ್ಯಾಂಡ್ ಒಂದು ಉಳಿಯಿತು. ಅದೂ ಹೋಯಿತು.

"ಈ ದಾಳದಾಗ ಮೋಸ ಇಲ್ಲ ಅನ್ನೋದಕ್ಕ ಆಧಾರ ಏನು?" ಎಂದು ಪರೀಕ್ಷಕರು ನನ್ನತ್ತ ತಿರುಗಿದರು. ನಿಜವಾದ ಪರೀಕ್ಷೆ ಶುರುವಾದದ್ದೇ ಆಗ. ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಬಿಡಿಸಿ ಹೇಳಿದೆ. ಊಟದ ಹೊತ್ತು ಮೀರಿದ ಮೇಲೆ ಅವರು ಸಹಿ ಹಾಕಿ, ಅಕ್ಕೋರಿಗೆ ಕೈಮುಗಿದು ಕೇಳಿದರು: "ನಿಮಗ ಇದನ್ನ ಕಲಿಸಿದವ್ರು ಯಾರ್ರೀ?"

"ಇವರ ನೋಡ್ರಿ, ನಮ್ಮ ಅಕ್ಕೋರು" ಎಂದು ಅವರು ನನ್ನ ಭುಜದ ಮೇಲೆ ಕೈಯಿಟ್ಟರು.

ಮುಂದೆ ನಾನೂ ಪಾಠ ಹೇಳುವವಳಾದೆ. ಅಕ್ಕೋರು ತೀರಿಕೊಂಡ ಸುದ್ದಿ ಬಂದಾಗ ಕ್ಲಾಸಿನಲ್ಲಿದ್ದೆ. ಕಣ್ಣೊರೆಸಿಕೊಂಡು ಪಾಠ ಮುಗಿಸಿಯೇ ಇಳಕಲ್ಲಿನ ಬಸ್ ಹತ್ತಿದೆ. ಅರ್ಧಕ್ಕೆ ಬಿಟ್ಟು ಹೋಗಿದ್ದರೆ ಅವರೇ ಬೈಯುತ್ತಿದ್ದರು.