ಹಗ್ಗದ ಆ ತುದಿಯಲ್ಲಿ ಯಾರಿರಬೇಕು?

ಬೆಳಗಿನ ಆರು ಗಂಟೆ. ಹದಿನಾಲ್ಕು ಮಹಡಿಯ ಕಟ್ಟಡದ ತಾರಸಿಯ ಮೇಲೆ ಐವತ್ತು ದಾಟಿದ ಇಬ್ಬರು ಎದುರುಬದುರು ನಿಂತಿದ್ದಾರೆ. ಒಬ್ಬರು ಬಾಯಿ ಅಗಲಿಸಿ ಇನ್ನೊಬ್ಬರ ಮೂಗಿಗೇ 'ಹಾ' ಎಂದು ಊದುತ್ತಾರೆ. ಇನ್ನೊಬ್ಬರು ಮೂಸಿ, "ಬರೀ ಈರುಳ್ಳಿ. ಹಿಡಿ ಹಗ್ಗ" ಎನ್ನುತ್ತಾರೆ. ಇದೇನಪ್ಪಾ ಹುಡುಗಾಟ ಎಂದು, ಪತ್ರಿಕೆಗೆ ಬರೆಯಲು ಬಂದ ನಾನು ಕಕ್ಕಾಬಿಕ್ಕಿ.

ಮೂಸಿದವರು ಗಾಜಿನಣ್ಣ. ಹಲಗೆಯ ಮೇಲೆ ಕೂತು, ಹಗ್ಗದಲ್ಲಿ ಜೋತಾಡುತ್ತಾ ದಿನಕ್ಕೆ ನೂರಾ ಹತ್ತು ಕಿಟಕಿ ಒರೆಸುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಒಳಗೆ ಕೂತವರು ಆಕಾಶ ನೋಡುತ್ತಾರೆಯೇ ಹೊರತು ಇವರ ಮುಖ ನೋಡುವುದಿಲ್ಲ. ಊದಿದವರು ಗಂಟಣ್ಣ. ತಾರಸಿಯಲ್ಲಿ ಗಂಟು ಬಿಗಿದು, ಹಗ್ಗ ಸಡಿಲಿಸುತ್ತಾ ಇವರನ್ನು ಇಳಿಸುವವರು. ಸಂಜೆಯಾದರೆ ಗಂಟಣ್ಣ ಕುಡಿಯದೆ ಇರುವವರಲ್ಲ. ಬೆಳಿಗ್ಗೆ ಬಾಯಲ್ಲಿ ವಾಸನೆ ಬಂದರೆ ಆ ದಿನ ಹಗ್ಗ ಮುಟ್ಟುವಂತಿಲ್ಲ. ಇದು ಅವರಿಬ್ಬರೇ ಮಾಡಿಕೊಂಡ ಕಟ್ಟಳೆ.

"ಕುಡಿಯೋದು ಕಲಿಸಿದ್ದೂ ಅವನೇ, ಗಂಟು ಹಾಕೋದು ಕಲಿಸಿದ್ದೂ ಅವನೇ," ಎನ್ನುತ್ತಾರೆ ಗಾಜಿನಣ್ಣ. "ನಾನೇನು ಮಾಡ್ಲಿ, ನೀವೇ ಹೇಳಿ."

ಮೂರು ವರ್ಷದ ಹಿಂದೆ ಗಾಜಿನಣ್ಣ ಯೇಸುವನ್ನು ನಂಬಿ, ದೀಕ್ಷಾಸ್ನಾನ ಪಡೆದು, ಕುಡಿತ ಬಿಟ್ಟರು. ಎಂಟು ತಿಂಗಳ ಹಿಂದೆ ಒಂದು ಸಂಜೆ ಜಾರಿ ಮತ್ತೆ ಕುಡಿದರು. ಮುಂದಿನ ಗೇಟಿನ ಎದುರಿಗೇ ಬಾರ್, ಪಕ್ಕದಲ್ಲಿ ಗಂಟಣ್ಣ. ಹೆಂಡತಿ ಮೂರು ದಿನ ಮಾತು ಬಿಟ್ಟರು. ಪಾಸ್ಟರ್ ಬೈಯಲಿಲ್ಲ, ಕೂರಿಸಿಕೊಂಡು ಪ್ರಾರ್ಥನೆ ಮಾಡಿ, "ಆ ಸಹವಾಸ ಬಿಡಿ" ಎಂದಷ್ಟೇ ಹೇಳಿದರು. ಇವತ್ತು ಸೂಪರ್‌ವೈಸರ್ ಜೋಡಿಗಳನ್ನು ಹೊಸದಾಗಿ ಬರೆದುಕೊಳ್ಳುವ ದಿನ. ಯಾರ ಹಗ್ಗಕ್ಕೆ ಯಾರು ಎಂದು ಸಂಜೆಯೊಳಗೆ ಹೇಳಬೇಕು.

ಚರ್ಚಿನ ಸಭೆಯಲ್ಲಿ ಹಾಡು ನಡೆಸುವ ಬ್ರದರ್ ಕೂಡ ಇಲ್ಲೇ ಕೆಲಸಕ್ಕಿದ್ದಾರೆ. ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ, ಒಂದು ಚಟವಿಲ್ಲ. ಗಾಜಿನಣ್ಣನ ಹೆಂಡತಿಯ ಪ್ರಕಾರ ತನ್ನ ಗಂಡನಿಗೆ ತಕ್ಕ ಜೊತೆಗಾರ ಅವರೇ. ಆದರೆ ಹೋದ ವಾರ, ನೋಡೋಣವೆಂದು ಗಾಜಿನಣ್ಣ ಎರಡನೇ ಮಹಡಿಯಿಂದ ಅವರ ಹಗ್ಗದಲ್ಲಿ ಇಳಿದರೆ ಹಲಗೆ ಒಂದೇ ಕಡೆಗೆ ವಾಲಿತು. ಬ್ರದರ್ ಹಾಡಿಕೊಳ್ಳುತ್ತಾ ಗಂಟಿನ ಎರಡನೇ ಸುತ್ತನ್ನೇ ಮರೆತಿದ್ದರು.

"'ದೇವರು ಕಾಪಾಡಿದ' ಅಂದ್ರು. ಕಾಪಾಡಿದ, ನಾನೇನು ಇಲ್ಲ ಅನ್ನಲ್ಲ. ದಿನಾ ಹದಿನಾಲ್ಕನೇ ಮಹಡಿಯಿಂದ ಕಾಪಾಡಪ್ಪಾ ಅಂತ ಕೇಳೋಕೆ ನನಗೇ ನಾಚಿಕೆ." ನಗುತ್ತಾರೆ, ಆಮೇಲೆ ನಗು ಆರುತ್ತದೆ. "ಮೇಲೆ ಗಂಟಣ್ಣ ಇಲ್ದಿದ್ರೆ ಜೀವಕ್ಕೆ ಭಯ. ಕೆಳಗೆ ಅವನಿದ್ರೆ ಆತ್ಮಕ್ಕೆ ಭಯ. ತಲೆ ಕೆಟ್ಟು ಕೆರ ಹಿಡಿದಿದೆ."

ಇನ್ನೊಂದು ಗೊಂದಲವೂ ಇದೆ. ಈ ಎಂಟು ತಿಂಗಳಿಂದ ದಿನದ ಕೊನೆಯ ಇಳಿತ ಯಾವಾಗಲೂ ಹಿಂದಿನ ಗೋಡೆಗೆ. "ಅಲ್ಲಿ ಧೂಳೇ ಇರಲ್ಲ. ಯಾಕೋ ಅಂದ್ರೆ, 'ಸುಮ್ನೆ ಇಳಿಯೋ' ಅಂತ ಬೈತಾನೆ."

ಸಂಜೆ ಗಾಜಿನಣ್ಣ ಹಿಂದಿನ ಗೋಡೆಗೆ ಇಳಿಯುವಾಗ ತಾರಸಿಯಲ್ಲಿ ಉಳಿದವರು ನಾವಿಬ್ಬರೇ. ಕೇಳಿದೆ. ಗಂಟಣ್ಣ ಹಗ್ಗದಿಂದ ಕಣ್ಣು ತೆಗೆಯಲಿಲ್ಲ.

"ಮುಂದೆ ಇಳಿಸಿದ್ರೆ ಅವನ ಕಣ್ಣಿಗೆ ಬೀಳೋದು ಬಾರು. ಹಿಂದೆ ಇಳಿಸಿದ್ರೆ ಬಸ್ ಸ್ಟಾಪು. ನಾನು ಇದನ್ನೆಲ್ಲ ಬಿಚ್ಚಿ, ಸುತ್ತಿ, ಲಿಫ್ಟಲ್ಲಿ ಇಳಿಯೋಷ್ಟರಲ್ಲಿ ಅವನ ಬಸ್ ಹೋಗಿರುತ್ತೆ. ಅವತ್ತು ಕುಡಿದ ಮೇಲೆ ಅವನನ್ನ ಮನೆಗೆ ತಲುಪಿಸೋಕೆ ಹೋದಾಗ ಅತ್ತಿಗೆ ಮುಖ ನೋಡಿದೀನಲ್ಲಾ ಸ್ವಾಮಿ. ನನ್ನ ಕೈಲಿ ಕುಡಿತ ಬಿಡೋಕಾಗಲ್ಲ. ಅವನ ಕೈಲಿ ಆಗಿದೆ. ಅವನಿಗೆ ಹೇಳ್ಬೇಡಿ."

ಪತ್ರಿಕೆಯವರ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ಓಡೋಡಿ ಹಿಂದಿನ ಗೇಟಿಗೆ ಬಂದು ಹೇಳಿಬಿಟ್ಟೆ. ಗಾಜಿನಣ್ಣ ಒದ್ದೆ ಬಟ್ಟೆ ಹಿಂಡಿದರು, ಹಿಂಡಿದ್ದನ್ನೇ ಮತ್ತೆ ಹಿಂಡಿದರು. ಬಸ್ ಬಂತು, ಹೋಯಿತು. ಆಮೇಲೆ ಸೂಪರ್‌ವೈಸರ್ ಕೋಣೆಗೆ ಹೋಗಿ ಗಂಟಣ್ಣನ ಹೆಸರೇ ಬರೆಸಿ ಬಂದರು.

"ಮನೆಯಲ್ಲಿ ಏನು ಹೇಳುತ್ತೀರಿ?"

"ಇದ್ದದ್ದನ್ನೇ. ಸಂಜೆ ಸಹವಾಸ ಬಿಟ್ಟಿದೀನಿ, ಹಗ್ಗದ್ದು ಬಿಡಲ್ಲ. ಸರಿಯೋ ತಪ್ಪೋ, ದೇವರಾಣೆ ನನಗೆ ಗೊತ್ತಿಲ್ಲ." ತಲೆಯೆತ್ತಿ ತಾರಸಿ ನೋಡುತ್ತಾರೆ. "ಒಂದೇ ಆಸೆ ಕಣ್ರೀ. ಒಂದು ದಿನ ಮೇಲೆ ನಾನು ನಿಲ್ಬೇಕು. ಅವನನ್ನ ಹಲಗೆ ಮೇಲೆ ಕೂರಿಸಿ, ನಿಧಾನಕ್ಕೆ, ಇದೇ ಹಿಂದಿನ ಗೇಟಿಗೆ ಇಳಿಸ್ಬೇಕು."