ಮೆಕ್ಸಿಕೋದ ಪಿರಮಿಡ್ಡು, ಜಾವಗಲ್ಲಿನ ಜಗಳ

ಕಳೆದ ವಾರ ಜಾವಗಲ್ಲಿನ ನಮ್ಮ ಮನೆಯಲ್ಲಿ ತಾತ-ಮೊಮ್ಮಗಳ ಮಾತುಕತೆ ಬಂದ್! ಕಾರಣ ಮೊಬೈಲಲ್ಲ, ಟೀವಿ ರಿಮೋಟೂ ಅಲ್ಲ. ಮೆಕ್ಸಿಕೋದ ಪಿರಮಿಡ್ಡು.

ಅಣ್ಣನ ಮಗಳು ನಿಧಿ ಹೈಸ್ಕೂಲು. ಶನಿವಾರ ಅರಸೀಕೆರೆಯಲ್ಲಿ ಅವಳ ಎಕ್ಸಿಬಿಷನ್. ಥರ್ಮೋಕೋಲಿನಲ್ಲಿ ಮೆಕ್ಸಿಕೋ ಕಡೆಯ ಹಳೇ ಕಾಲದ ಮಾಯಾ ಅನ್ನುವ ಜನರ ಪಿರಮಿಡ್ ಮಾಡಿದ್ದಳು. ಪಕ್ಕಕ್ಕೊಂದು ಚಾರ್ಟು. ನಮ್ಮಪ್ಪನದು ಮುತ್ತಿನಂಥ ಅಕ್ಷರ (ನಮ್ಮ ಕೊಬ್ಬರಿ ಅಂಗಡಿಯ ಬೋರ್ಡನ್ನೂ ತಾವೇ ಬರೆದವರು), ಹಾಗಾಗಿ ಚಾರ್ಟ್ ಬರೆಯುವ ಕೆಲಸ ಅವರಿಗೆ. ಮಾಯಾ ಜನ ಸೊನ್ನೆ ಬಳಸಿ ಲೆಕ್ಕ ಮಾಡಿದ್ದು, ಶುಕ್ರಗ್ರಹದ ಓಡಾಟ ನೋಡಿ ಪಂಚಾಂಗ ಹಾಕಿದ್ದು, ಹಗಲು-ರಾತ್ರಿ ಸಮವಾಗುವ ಕಾಲಕ್ಕೆ ಪಿರಮಿಡ್ಡಿನ ಮೆಟ್ಟಿಲ ಬದಿಯಲ್ಲಿ ನೆರಳು ಹಾವಿನಂತೆ ಇಳಿಯುವುದು, ಎಲ್ಲವನ್ನೂ ಅವಳು ಹೇಳಿದಂತೆ ಪೇಂಟಿನಲ್ಲಿ ಬರೆದರು. ಕೊನೆಗೆ ವಾಟ್ಸಾಪಿನಲ್ಲಿ ಓದಿದ ಒಂದು ಸಾಲನ್ನು ಕೇಳದೆಯೇ ಸೇರಿಸಿದರು: ‘ಇವನ್ನು ಕಟ್ಟಿದವರು ಅನ್ಯಗ್ರಹದವರು!’

"ತಾತ, ಅದು ಸುಳ್ಳು."

"ಕಬ್ಬಿಣದ ಉಳಿ ಇಲ್ಲ, ಗಾಡಿ ಇಲ್ಲ, ಎತ್ತಿಲ್ಲ. ಮನುಷ್ಯರ ಕೈಲಿ ಆಗೋ ಕೆಲ್ಸ ಐತೇನೇ ಅದು?"

ನಿಧಿ ಮುಖ ಊದಿಸಿಕೊಂಡಳು. ಆ ಸಾಲಿದ್ದರೆ ಎಕ್ಸಿಬಿಷನ್ನಿಗೇ ಹೋಗುವುದಿಲ್ಲವಂತೆ. ತಾತ ಬರೆದದ್ದರ ಮೇಲೆ ಕಾಗದ ಅಂಟಿಸುವ ಧೈರ್ಯವೂ ಇಲ್ಲ. (ಮನೆಯಲ್ಲಿ ಯಾರಿಗಿದೆ ಹೇಳಿ?)

ಶುಕ್ರವಾರ ನನ್ನ ಆಫೀಸಿನ ಗೆಳತಿ, ದೆಹಲಿಯವಳು, ಹಳೇಬೀಡು ನೋಡಿಕೊಂಡು ನಮ್ಮಲ್ಲಿಗೆ ಊಟಕ್ಕೆ ಬಂದಳು. ಅಪ್ಪ ಹೆಮ್ಮೆಯಿಂದ ಚಿಪ್ಪು ಬಿಡಿಸಿದ ಇಡೀ ಕೊಬ್ಬರಿಯೊಂದನ್ನು ಅವಳ ಕೈಗಿಟ್ಟರು. ಎಲ್ಲೂ ಒಡಕಿಲ್ಲ, ಒಳಗೆ ಹನಿ ನೀರಿಲ್ಲ. ಅವಳು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು: "ನೀರನ್ನು ಹೇಗೆ ತೆಗೆದರು? ಇಂಜೆಕ್ಷನ್ನಾ, ಮಷೀನಾ?"

ನಾನು ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಹೇಳಬಾರದಿತ್ತು.

"ಇಂಜೆಕ್ಷನ್ನಾ? ಕಾಯಿನ ಅಟ್ಟಕ್ಕೆ ಹಾಕಿ ವರ್ಷಪೂರ್ತಿ ಕಾಯ್ತೀವಿ, ನೀರು ತಾನೇ ಇಂಗ್ತದೆ ಅಂತ ಹೇಳಮ್ಮ ಅವ್ಳಿಗೆ! ನಮ್ಮಪ್ಪ, ನಮ್ಮ ತಾತ ಕಂಡ್ಕೊಂಡಿದ್ದು ಇದು. ಮಷೀನಂತೆ ಮಷೀನು!"

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಿಧಿ ಬಾಯಿಬಿಟ್ಟಳು. "ಮಾಯಾದೋರಿಗೂ ಅಪ್ಪ, ತಾತ ಇರ್ಲಿಲ್ವಾ?"

ಸರಿಯಾಗೇ ಕೇಳಿದಳು. ನಮ್ಮ ಹಿರಿಯರು ಮಾಡಿದರೆ ಜಾಣತನ, ಬೇರೆಯವರ ಹಿರಿಯರು ಮಾಡಿದರೆ ಅನ್ಯಗ್ರಹದವರ ಕೈವಾಡ. ಇದ್ಯಾವ ನ್ಯಾಯ ಸ್ವಾಮಿ?

ಅಪ್ಪ ಮಜ್ಜಿಗೆ ಕುಡಿದು ಎದ್ದು ಹೋದರು. ಇನ್ನು ಶನಿವಾರದ ಆಸೆ ಬಿಟ್ಟ ಹಾಗೇ ಅಂದುಕೊಂಡೆ.

ಸಂಜೆ ನೋಡಿದರೆ ಅಪ್ಪನ ಕೈಯಲ್ಲಿ ಹೊಸ ಚಾರ್ಟು! "ಬಾರೇ ಇಲ್ಲಿ. ಆ ಜನ ಈಗ್ಲೂ ಇದಾರೇನೇ?"

"ಇದಾರೆ ತಾತ. ಅವ್ರದೇ ಭಾಷೆ ಮಾತಾಡ್ತಾರೆ, ಮುಸುಕಿನ ಜೋಳ ಬೆಳೀತಾರೆ."

ಅಪ್ಪ ಕನ್ನಡಕ ಏರಿಸಿ, ಎಲ್ಲವನ್ನೂ ಮೊದಲಿನಿಂದ ಬರೆದರು. ಕೊನೆಯ ಸಾಲು ಹೀಗಿತ್ತು: ‘ಇವನ್ನು ಕಟ್ಟಿದವರ ಮೊಮ್ಮಕ್ಕಳು ಇವತ್ತಿಗೂ ಮುಸುಕಿನ ಜೋಳ ಬೆಳೆಯುತ್ತಿದ್ದಾರೆ.’ ಶನಿವಾರ ನಿಧಿ ಅದೇ ಚಾರ್ಟಿನ ಮುಂದೆ ನಿಂತು ಪಟಪಟ ಮಾತಾಡಿದಳು. ಬಹುಮಾನ ಬರಲಿಲ್ಲ, ಬೇಜಾರೂ ಆಗಲಿಲ್ಲ.

ಎಪ್ಪತ್ತು ದಾಟಿದ ಅಪ್ಪನೇ ತಿದ್ದಿಕೊಂಡರು, ಇನ್ನು ಫಾರ್ವರ್ಡ್ ಬಟನ್ ಒತ್ತುವ ನಮಗೇನು ಧಾಡಿ?